ಸುಳಿವಿನ ಬೆಲೆ



ಕೊಲೆಗಡುಕರ ಸುಳಿವಿತ್ತವರಿಗೆ ಸರ್ಕಾರವು ಬಹುಮಾನ ಸಾರುವುದುಂಟು. ಅದರ ಮಿತಿಯನ್ನು ನಮ್ಮಷ್ಟು ಕಂಡುಂಡವರು ವಿರಳ. ವೀರಪ್ಪನ್ನನ ತಲೆಗೆ ಕಟ್ಟಿದ ಬೆಲೆಯು ಲಕ್ಷಗಳಿಂದ ಕೋಟಿಗಳಿಗೇರಿತು. ಆದರೂ 2000ದ ಜುಲೈ 30ರ ರಾತ್ರಿ ನಮ್ಮ ದೊಡ್ಡಗಾಜನೂರಿನಿಂದಲೇ ಡಾ. ರಾಜಕುಮಾರರನ್ನು ಅಪಹರಿಸಿದ ಆತನು 2004ರ ಅಕ್ಟೋಬರ್ 18ರವರೆಗೆ ಬದುಕಿದ್ದನು. ಹಣವು ಜನರಿಗೆ ಬೇಡವಾಗಿತ್ತೇ? ಬಡವರ ಊರುಗಳಿವು, ಬೇಕೇ ಇತ್ತು. ಆದರೆ ಪೊಲೀಸರಿಗೆ ಸುದ್ದಿ ಕೊಟ್ಟರೆಂಬ ಬರಿಯ ಶಂಕೆಯಿಂದಲೇ ಆತನು ಹಲವರನ್ನು ಕೊಂದಿದ್ದನು. ಬಾಯಿ ಬಿಡದಿದ್ದರೆ ಅತ್ತ ಪೊಲೀಸರ ಸಂಶಯ! ಮಡಿದವನ ಮನೆಗೆ ಬಹುಮಾನವೇತಕ್ಕೆ? ಆದುದರಿಂದ ಇಂತಹ ಪ್ರಕಟಣೆಗಳಲ್ಲಿ ಮೊತ್ತಕ್ಕಿಂತ ಮುಂಚೆಯೇ, ಹೇಳಿದವರ ಹೆಸರು ಹೊರಬೀಳದೆಂಬ ಭರವಸೆಯನ್ನು ಅಚ್ಚು ಮಾಡಿಸಲಿ. ನಮ್ಮೂರ ಗೋಡೆಗಳ ಮೇಲೆ ಅದು ಕನ್ನಡದಲ್ಲಿಯೂ ಇರಲಿ.