ಮಲಗಿದರೆ ಹೋಗದ ಸೊಂಟನೋವು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡಪ್ಪ ಎಂದು ಸಮಿತಿಯವರು ಕೇಳಿದ್ದರು. ಸೊಂಟನೋವಿನ ಬಗ್ಗೆ ಮಾತಾಡುತ್ತೇನೆ ಎಂದಾಗ ನಕ್ಕರು. ಆದರೆ ಈ ಶಾಮಿಯಾನದ ಕೆಳಗೆ ಕಂಪ್ಯೂಟರ್ ಮುಟ್ಟದವರು ಬೇಕಾದಷ್ಟು ಜನ ಇದ್ದೀರಿ, ಒಮ್ಮೆಯೂ ಸೊಂಟ ನೋಯದವರು ಎಷ್ಟು ಜನ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಈ ನೋವಿತ್ತು. ನಾನು ಡಾಕ್ಟರಲ್ಲ, ಬಿ.ಇ. ಓದಿದವನು. ತಪ್ಪು ಮಾಡಿ ಕಲಿತದ್ದನ್ನಷ್ಟೇ ಹೇಳುತ್ತೇನೆ.

ಕೊರೊನಾ ಕಾಲದಲ್ಲಿ ಮನೆಯಿಂದಲೇ ಕೆಲಸ. ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ದಿನಕ್ಕೆ ಹತ್ತು ಗಂಟೆ ಕೂರುತ್ತಿದ್ದೆ. ಒಂದು ಬೆಳಿಗ್ಗೆ ಗ್ಯಾಸ್ ಸಿಲಿಂಡರ್ ಎತ್ತಲು ಬಗ್ಗಿದವನು ಹಾಗೇ ನಿಂತುಬಿಟ್ಟೆ. ಸ್ಕ್ಯಾನ್ ಮಾಡಿಸಿದೆ, 'ಡಿಸ್ಕ್ ಉಬ್ಬಿದೆ' ಎಂದು ಬಂತು. ನೋವಿಗಿಂತ ಆ ಮಾತಿಗೇ ಹೆಚ್ಚು ಹೆದರಿದೆ. ಮೂರು ವಾರ ಹಾಸಿಗೆ ಬಿಟ್ಟು ಏಳಲಿಲ್ಲ.

ಅದೇ ವರ್ಷ ಊರಲ್ಲಿ ನಾಟಿ ಮಾಡುವಾಗ ಅಮ್ಮನಿಗೂ ಸೊಂಟ ಹಿಡಿಯಿತು. ನಾನು ಓದಿದವನಲ್ಲವೇ, ಫೋನಿನಲ್ಲೇ ಅಪ್ಪಣೆ ಕೊಟ್ಟೆ. ಗದ್ದೆಗೆ ಹೋಗಕೂಡದು, ಕೊಡ ಎತ್ತಕೂಡದು, ಮಲಗಿರು ಎಂದೆ. ಮಗ ಹೇಳಿದ ಎಂದು ಅವರು ಒಂದು ಬೆಳೆಯ ಕಾಲವಿಡೀ ಮಲಗಿದರು. ಆಮೇಲೆ ನಾನು ಊರಿಗೆ ಬಂದಾಗ, ಹುಲ್ಲಿನ ಹೊರೆ ಹೊತ್ತು ಕೆರೆ ಏರಿ ಹತ್ತುತ್ತಿದ್ದ ನಮ್ಮಮ್ಮ ಜಗಲಿಯ ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಿದ್ದರು. ಸೊಂಟ ಇನ್ನೂ ನೋಯುತ್ತಿತ್ತು. ಜೊತೆಗೆ ಕಾಲಿನ ಶಕ್ತಿಯೂ ಹೋಗಿತ್ತು.

ನಮ್ಮಿಬ್ಬರನ್ನೂ ದಾರಿಗೆ ತಂದವರು ಒಬ್ಬ ಫಿಸಿಯೋಥೆರಪಿಸ್ಟ್. ನನ್ನ ರಿಪೋರ್ಟು ನೋಡಿ ಅವರು ಹೇಳಿದ ವಿಷಯ ನಿಮಗೂ ಗೊತ್ತಿರಲಿ. ನೋವೇ ಇಲ್ಲದವರಿಗೆ ಸ್ಕ್ಯಾನ್ ಮಾಡಿದರೂ ಇಪ್ಪತ್ತರ ಹರೆಯದಲ್ಲಿ ನೂರಕ್ಕೆ 37 ಜನರಿಗೆ, ಐವತ್ತಕ್ಕೆ 80 ಜನರಿಗೆ ಡಿಸ್ಕ್ ಸವೆದಿರುವುದು ಕಾಣುತ್ತದಂತೆ. ತಲೆಗೂದಲು ನೆರೆತ ಹಾಗೆ. ಸಾಮಾನ್ಯ ಸೊಂಟನೋವಿಗೆ ಮೊದಲ ಒಂದೆರಡು ದಿನ ತುಸು ವಿಶ್ರಾಂತಿ ಸಾಕು, ಆಮೇಲೆ ನೋವಿದ್ದರೂ ಆದಷ್ಟು ಓಡಾಡಬೇಕು. ಓಡಾಡದಿದ್ದರೆ ಬೆನ್ನು ಹಿಡಿದಿರುವ ಸ್ನಾಯುಗಳು ಸೊರಗುತ್ತವೆ, ಆಗ ಸಣ್ಣ ಕೆಲಸವೂ ಭಾರವಾಗುತ್ತದೆ.

ಹೆಚ್ಚಿನ ಉಳುಕು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅದಕ್ಕೇ ಎಣ್ಣೆ ತಿಕ್ಕಿದವರಿಗೂ ಹೆಸರು, ಕಾಲು ಮುಂದಾಗಿ ಹುಟ್ಟಿ ಸೊಂಟಕ್ಕೆ ಒದ್ದವರಿಗೂ ಹೆಸರು! ಬಿಸಿನೀರಿನ ಶಾಖ ಕೊಡಿ, ಹಿತವಾಗುತ್ತದೆ. ಒದೆಸಿಕೊಳ್ಳಬೇಡಿ. ಬಹುಕಾಲದ ಸೊಂಟನೋವಿಗೆ ಬೆಲ್ಟ್ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಹೇಳಿದೆ. ನಮ್ಮ ಮನೆಯ ಎರಡು ಬೆಲ್ಟುಗಳು ಈಗ ಅಟ್ಟದ ಮೇಲಿವೆ.

ನಮ್ಮ ಹೆಂಗಸರ ದಿನ ಶುರುವಾಗುವುದೇ ಬಗ್ಗುವುದರಿಂದ. ಎದ್ದವರೇ ಸಗಣಿ ಬಾಚುತ್ತಾರೆ, ಅಂಗಳ ಗುಡಿಸುತ್ತಾರೆ. ರಾತ್ರಿ ಮಲಗಿದಾಗ ಬೆನ್ನೆಲುಬಿನ ನಡುವಿನ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ನಾವು ಒಂದೆರಡು ಸೆಂಟಿಮೀಟರ್ ಉದ್ದವೇ ಇರುತ್ತೇವೆ. ಆ ಹೊತ್ತಿನಲ್ಲಿ ಪೂರ್ತಿ ಬಗ್ಗಿದರೆ ಡಿಸ್ಕಿನ ಮೇಲೆ ಬೀಳುವ ಒತ್ತಡ ಹೆಚ್ಚು. ಮೊದಲು ಒಲೆ ಹಚ್ಚಿ, ಕಾಫಿ ಕುಡಿದು, ಅರ್ಧ ಗಂಟೆ ಓಡಾಡಿ ಆಮೇಲೆ ಕೊಟ್ಟಿಗೆಗೆ ಹೋಗಿ. ಪೊರಕೆಗೆ ಉದ್ದದ ಕೋಲು ಕಟ್ಟಿ. ಅಮ್ಮ ಇದಕ್ಕೆ ಒಪ್ಪಲು ಆರು ತಿಂಗಳು ಹಿಡಿಯಿತು, ನೋಡಿದವರು ನಗುತ್ತಾರಂತೆ. ಈಗ ಕಳೆ ಕೀಳುವಾಗಲೂ ಒಂದು ಸಾಲು ಮುಗಿದರೆ ಎದ್ದು ಸೊಂಟದ ಮೇಲೆ ಕೈಯಿಟ್ಟು ಹಿಂದಕ್ಕೆ ನಾಲ್ಕು ಸಲ ಬಾಗುತ್ತಾರೆ. ಕುರ್ಚಿಯಲ್ಲಿ ಕೂರುವ ನಾನೂ ಅರ್ಧ ಗಂಟೆಗೊಮ್ಮೆ ಏಳುತ್ತೇನೆ.

ಗಂಡಸರಿಗೊಂದು ಮಾತು. ಯೂರಿಯಾ ಮೂಟೆ 45 ಕೆ.ಜಿ. ಇರುತ್ತದೆ. ದೂರದಿಂದ ಕೈಚಾಚಿ ಎತ್ತಬೇಡಿ, ಮೈಗೆ ಒತ್ತಿಕೊಂಡು ಮಂಡಿ ಮಡಚಿ ಎತ್ತಿ. ಎತ್ತಿದ ಮೇಲೆ ಸೊಂಟ ತಿರುಚದೆ ಪಾದವನ್ನೇ ತಿರುಗಿಸಿ. ಪಕ್ಕದವನನ್ನು ಕರೆದರೆ ಮರ್ಯಾದೆ ಹೋಗುವುದಿಲ್ಲ.

ಕೆಲವು ಲಕ್ಷಣಗಳಿಗೆ ಮಾತ್ರ ಮನೆಮದ್ದು ಮಾಡುತ್ತಾ ಕೂರಬೇಡಿ. ಮೂತ್ರ ಕಟ್ಟಿಕೊಂಡರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಜೋಮು ಹಿಡಿದರೆ, ಕಾಲಿನ ಬಲ ಕಡಿಮೆಯಾಗುತ್ತಾ ಬಂದರೆ ಅದೇ ದಿನ ಆಸ್ಪತ್ರೆಗೆ ಹೊರಡಿ. ಬಿದ್ದ ಮೇಲೆ ಬಂದ ನೋವನ್ನೂ ತಡಮಾಡದೆ ತೋರಿಸಿ. ಬೆನ್ನುನೋವಿನ ಜೊತೆ ಸಂಜೆ ಜ್ವರ ಬಂದು ತೂಕ ಇಳಿಯುತ್ತಿದ್ದರೆ ಅದು ಬೆನ್ನುಮೂಳೆಯ ಕ್ಷಯವೂ ಇರಬಹುದು. ಅದಕ್ಕೆ ಔಷಧಿ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿಯೇ ಸಿಗುತ್ತದೆ.

ಕೊನೆಗೆ ಮಕ್ಕಳ ವಿಷಯ. 9 ಮತ್ತು 10ನೇ ತರಗತಿಯ ಬ್ಯಾಗು 4ರಿಂದ 5 ಕೆ.ಜಿ. ಮೀರಬಾರದೆಂದು 2019ರಲ್ಲೇ ನಮ್ಮ ರಾಜ್ಯ ಸರ್ಕಾರ ಆದೇಶಿಸಿದೆ. ಬಿಸಿಯೂಟದ ಅಕ್ಕಿ ತೂಗುವ ತಕ್ಕಡಿ ಇಲ್ಲೇ ಇದೆಯಲ್ಲ, ಸೋಮವಾರ ಒಮ್ಮೆ ತೂಗಿ ನೋಡಿ. ಇನ್ನೊಂದು ಕೋರಿಕೆ ಗುರುಗಳಲ್ಲಿ. ನಮ್ಮ ಕಾಲದಲ್ಲಿ ಪಿ.ಟಿ. ಪಿರಿಯಡ್ ಬಂದರೆ ಗಣಿತದ ಮೇಷ್ಟ್ರು ಸೀಮೆಸುಣ್ಣ ಹಿಡಿದು ಒಳಗೆ ಬರುತ್ತಿದ್ದರು. ಅವರ ಪುಣ್ಯದಿಂದಲೇ ನಾನು ಇಂಜಿನಿಯರ್ ಆದೆ, ನಿಜ. ಆದರೂ ಆ ಪಿರಿಯಡ್ಡನ್ನು ಮಕ್ಕಳಿಗೆ ಬಿಟ್ಟುಕೊಡಿ.

ನೀವೆಲ್ಲ ಒಂಬತ್ತು ಗಂಟೆಯಿಂದ ಕೂತಿದ್ದೀರಿ. ಮುಂದಿನ ಭಾಷಣಕಾರರು ಮೈಕ್ ಹಿಡಿಯುವ ಮೊದಲು ಎಲ್ಲರೂ ಒಮ್ಮೆ ಎದ್ದು ನಿಲ್ಲಿ.