ಅಗ್ಗದ ಚಪ್ಪಲಿ, ತುಟ್ಟಿಯ ನಡಿಗೆ

(ತೋಟದ ಕಾರ್ಮಿಕ ಕುಟುಂಬಗಳ ಸಂಜೆಯ ಕೂಟದಲ್ಲಿ ಮಾಡಿದ ಭಾಷಣ)



ಒಳಗೆ ಬರುವಾಗ ಬಾಗಿಲ ಬಳಿ ನೀವು ಬಿಟ್ಟ ಚಪ್ಪಲಿಗಳನ್ನು ನೋಡಿದೆ. ಒಂದರ ಉಂಗುಷ್ಟ ಕಿತ್ತಿದೆ, ಪಿನ್ನು ಚುಚ್ಚಿದ್ದೀರಿ. ಇನ್ನೊಂದರ ಬಾರಿಗೆ ತಂತಿ ಸುತ್ತಿದ್ದೀರಿ. ನಾಚಿಕೆ ಬೇಡ, ನನ್ನ ಮನೆಯಲ್ಲೂ ಇದೇ ಕಥೆ. ಇಂದು ಆ ಮಾತನ್ನೇ ಆಡುತ್ತೇನೆ.

ಗಡಹಿಂಗ್ಲಜದ ಕಡೆ ನೆಂಟರ ಮನೆಗೆ ಹೋಗಿದ್ದೆ. ಮಹಾರಾಷ್ಟ್ರವಾದರೂ ಅಲ್ಲಿ ಕನ್ನಡದ ಮಾತು ಕಿವಿಗೆ ಬೀಳುತ್ತದೆ. ಅಲ್ಲಿಯ ಹಿರಿಯರೊಬ್ಬರು ನನ್ನ ಹರಿದ ಚಪ್ಪಲಿ ನೋಡಿ, "ತಮ್ಮಾ, ಕೊಂಡ ದಿನದ ರೊಕ್ಕ ನೋಡಬ್ಯಾಡ, ಸವದ ದಿನದ ಲೆಕ್ಕ ನೋಡು" ಎಂದರು. ಅವರ ಕಾಲಲ್ಲಿದ್ದದ್ದು ಕೊಲ್ಹಾಪುರಿ.

ಹೆಸರು ಕೊಲ್ಹಾಪುರದ್ದಾದರೂ ಅದನ್ನು ಹೊಲಿಯುವ ಕೈಗಳು ನಮ್ಮ ಅಥಣಿ, ನಿಪ್ಪಾಣಿಯ ಕಡೆಯೂ ಇವೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿದವು. ಹಳೆಯ ಪದ್ಧತಿಯಲ್ಲಿ ಚರ್ಮವನ್ನು ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡುತ್ತಾರೆ. ಹೊಲಿಯುವುದೂ ಚರ್ಮದ ದಾರದಿಂದಲೇ. ಕಿತ್ತರೆ ಮತ್ತೆ ಹೊಲಿಯಬಹುದು. ಸವೆದು ಮುಗಿದರೆ ಮಣ್ಣಿಗೆ ಸೇರುತ್ತದೆ. ನಮ್ಮ ಪ್ಲಾಸ್ಟಿಕ್ ಚಪ್ಪಲಿ ಚರಂಡಿಯಲ್ಲಿ ಮೊಮ್ಮಕ್ಕಳ ಕಾಲದವರೆಗೂ ಬಿದ್ದಿರುತ್ತದೆ. ಒಲೆಗೆ ಹಾಕಿದರೆ ಅದರ ವಿಷದ ಹೊಗೆಯನ್ನು ಮೊದಲು ಕುಡಿಯುವವರು ತಾಯಂದಿರು ಮತ್ತು ಮಕ್ಕಳು.

2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದಲ್ಲಿ ಇಂಥದೇ ಚಪ್ಪಲಿಯನ್ನು ಕೊಲ್ಹಾಪುರದ ಹೆಸರೆತ್ತದೆ ಪ್ರದರ್ಶಿಸಿತು. ಇಲ್ಲಿಯವರು ಆಕ್ಷೇಪಿಸಿದ ಮೇಲೆ, ಇದರ ಮೂಲ ಭಾರತದ ಕೈಕಸಬು ಎಂದು ಒಪ್ಪಿಕೊಂಡಿತು. ಶ್ರೀಮಂತರ ಕಣ್ಣಿಗೆ ಬಿದ್ದ ಮೇಲೆಯೇ ನಮ್ಮ ಕಸಬಿಗೆ ನಾವು ಬೆಲೆ ಕೊಡಬೇಕೇ?

"ಅಣ್ಣಾ, ಅಷ್ಟು ದುಡ್ಡು ಎಲ್ಲಿಂದ ತರೋಣ?" ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಒಂದು ಲೆಕ್ಕ ಹಾಕೋಣ. 100 ರೂಪಾಯಿಯ ಚಪ್ಪಲಿ ಮೂರು ತಿಂಗಳಿಗೆ ಹರಿದರೆ ಎರಡು ವರ್ಷಕ್ಕೆ 800 ರೂಪಾಯಿ. 600 ರೂಪಾಯಿಯದನ್ನು ಕೊಂಡು, ರಿಪೇರಿಗೆ 100 ಕೊಟ್ಟು ಎರಡು ವರ್ಷ ಮೆಟ್ಟಿದರೆ 700. ಬಡವನಿಗೆ ತುಟ್ಟಿಯಾಗುವುದು ಅಗ್ಗದ ಸಾಮಾನೇ. ಆದರೆ 600 ರೂಪಾಯಿ ಒಮ್ಮೆಗೇ ಕೈಯಲ್ಲಿರುವುದಿಲ್ಲ. ಅದಕ್ಕೆ ಸಾಲ ಬೇಡ. ತಿಂಗಳಿಗೆ 50ರಂತೆ ಸಂಘದಲ್ಲಿ ಕೂಡಿಟ್ಟರೆ ವರ್ಷದಲ್ಲಿ ಒಂದು ಜೊತೆ ಬರುತ್ತದೆ.

ಇನ್ನೊಂದು ನಿಜವನ್ನೂ ಹೇಳಬೇಕು. ಮಳೆಗಾಲದ ತೋಟಕ್ಕೆ ಕೊಲ್ಹಾಪುರಿ ಸಲ್ಲದು, ನೀರಿಗೆ ಹಾಳಾಗುತ್ತದೆ. ಕೆಸರಿನ ಕೆಲಸಕ್ಕೆ ರಬ್ಬರ್ ಬೂಟೇ ಬೇಕು. ಯಾವ ಕೆಲಸಕ್ಕೆ ಯಾವುದು ಎಂದು ತಿಳಿದು ಕೊಳ್ಳುವುದೇ ವಿವೇಕ.

ಬಟ್ಟೆಯ ಮಾತೂ ಹೀಗೆಯೇ. ಇಚಲಕರಂಜಿ ಮಗ್ಗಗಳ ಊರು. ಬೆಂಕಿಗೆ ಹತ್ತಿಯೂ ಉರಿಯುತ್ತದೆ, ಆದರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಸೌದೆ ಒಲೆಯ ಮುಂದೆ ಕೂರುವ ಅಕ್ಕಂದಿರು ಇದನ್ನು ಮರೆಯಬಾರದು. ಹಾಗೆಂದು ಹತ್ತಿಯೂ ನಿರ್ದೋಷಿಯಲ್ಲ. ಬಟ್ಟೆಗೆ ಬಣ್ಣ ಹಾಕಿದ ಕೊಳಕು ನೀರು ಪಂಚಗಂಗೆಯನ್ನು ಕೆಡಿಸಿದೆ. ಆ ನದಿ ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಸೇರಿ ನಮ್ಮ ನಾಡಿಗೇ ಬರುತ್ತದೆ. ಆದ್ದರಿಂದ ಯಾವ ಬಟ್ಟೆ ಎಂಬುದರಷ್ಟೇ, ಎಷ್ಟು ದಿನ ಉಟ್ಟೆವು ಎಂಬುದೂ ಮುಖ್ಯ. ಹರಿದ ಸೀರೆಯನ್ನು ಕೌದಿಯಾಗಿ ಹೊಲಿದ ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು.

ಮುಂದಿನ ಸಂತೆಗೆ ಹೋಗುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಇದು ನಿಜವಾಗಿ ಬೇಕೇ? ಕೆಟ್ಟರೆ ರಿಪೇರಿಯಾಗುತ್ತದೆಯೇ? ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ? ಈಗ ಮನೆಗೆ ಹೊರಡುವಾಗ ಬಾಗಿಲಲ್ಲಿರುವ ಚಪ್ಪಲಿಯನ್ನು ಎಸೆಯಬೇಡಿ. ಮೊದಲು ಹೊಲಿಸಿ. ನಿಮ್ಮ ಆ ಹತ್ತಿಪ್ಪತ್ತು ರೂಪಾಯಿ ಇನ್ನೊಬ್ಬ ದುಡಿಯುವವನ ಮನೆಯ ರಾತ್ರಿಯ ಊಟಕ್ಕಾಗುತ್ತದೆ.