ಮೊದಲ ಸಾಲಿನಲ್ಲಿ ಏನು ಬರೆಯುವಿರಿ?
(ಜುಮಾ ಪ್ರವಚನದ ಸಾರಾಂಶ)



ಸಿಇಟಿ ಬರೆದ ಮಕ್ಕಳಿರುವ ಮನೆಗಳಲ್ಲಿ ಈಗ ರ‍್ಯಾಂಕಿನದೇ ಮಾತು. ಎರಡು ವರ್ಷ ಕಷ್ಟಪಟ್ಟು ಓದಿಸುತ್ತೇವೆ, ಟ್ಯೂಷನ್‌ಗೆ ಸಾಲ ಮಾಡುತ್ತೇವೆ. ಆದರೆ ರ‍್ಯಾಂಕ್ ಬಂದ ಮೇಲೆ ಕಾಲೇಜುಗಳ ಆಯ್ಕೆ ಪಟ್ಟಿ ತುಂಬುವ ಕೆಲಸವನ್ನು ಮಾತ್ರ ಸೈಬರ್ ಸೆಂಟರಿನಲ್ಲಿ ಕುಳಿತ ಯಾರೋ ಒಬ್ಬ ಯುವಕನ ಕೈಗೆ ಕೊಟ್ಟು ಬರುತ್ತೇವೆ. ಮಗುವಿನ ಮುಂದಿನ ನಾಲ್ಕು ವರ್ಷ ಎಲ್ಲಿ ಕಳೆಯಬೇಕು ಎಂಬುದು ಆ ಅರ್ಧ ಗಂಟೆಯಲ್ಲಿ ತೀರ್ಮಾನವಾಗಿಬಿಡುತ್ತದೆ.

ಸೂರಃ ಅಲ್ ಬಕರದ 233ನೇ ವಚನದಲ್ಲಿ ಮಗುವಿಗೆ ಹಾಲು ಬಿಡಿಸುವ ವಿಷಯ ಬರುತ್ತದೆ. ಅಷ್ಟು ಚಿಕ್ಕ ವಿಷಯಕ್ಕೂ ತಂದೆ ತಾಯಿ ಪರಸ್ಪರ ಸಮಾಲೋಚಿಸಿ, ಇಬ್ಬರೂ ಒಪ್ಪಿ ನಿರ್ಧರಿಸಬೇಕೆಂಬ ಸೂಚನೆ ಅಲ್ಲಿದೆ. ಹಾಲು ಕುಡಿಯುವ ಮಗುವಿಗೆ ಬಾಯಿಲ್ಲ. ಹದಿನೆಂಟರ ಮಗನಿಗೂ ಮಗಳಿಗೂ ಬಾಯಿದೆ. ಅವರನ್ನೂ ಕೂರಿಸಿಕೊಂಡು ಕೇಳಬೇಡವೇ?

ಮೊದಲು ಆಯ್ಕೆ ಪಟ್ಟಿ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯೋಣ. ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರ್ ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ನಿಮ್ಮ ಮಗಳ ಸರದಿ ಬಂದಾಗ ಅವಳ ಪಟ್ಟಿಯ ಮೊದಲ ಸಾಲಿನ ಸೀಟು ಉಳಿದಿದೆಯೇ ಎಂದು ನೋಡುತ್ತದೆ. ಇದ್ದರೆ ಅದನ್ನೇ ಕೊಟ್ಟು ಮುಂದಿನವರ ಕಡೆ ಹೋಗುತ್ತದೆ. ಇಲ್ಲದಿದ್ದರೆ ಎರಡನೇ ಸಾಲು, ಮೂರನೇ ಸಾಲು. ಮೇಲೆ ದೊಡ್ಡ ಕಾಲೇಜನ್ನು ಬರೆದದ್ದಕ್ಕಾಗಿ ಕೆಳಗಿನ ಸೀಟು ಕೈತಪ್ಪುವುದಿಲ್ಲ. ಇದನ್ನು ಎಷ್ಟು ಬಾರಿ ಹೇಳಿದರೂ ನಮ್ಮವರು ನಂಬುವುದಿಲ್ಲ. "ಸಿಗದ್ದನ್ನು ಯಾಕೆ ಬರೆಯುವುದು? ಸಿಗುವುದನ್ನೇ ಮೊದಲು ಹಾಕಿ" ಎನ್ನುತ್ತಾರೆ.

ಒಂದು ಉದಾಹರಣೆ ಹೇಳುತ್ತೇನೆ. ಶಿವಮೊಗ್ಗದ ಹುಡುಗಿಯೊಬ್ಬಳಿಗೆ ಬೆಂಗಳೂರಿನ ಯುವಿಸಿಇಯಲ್ಲಿ ಓದುವ ಆಸೆ. ಮನೆಯವರು ಭಯದಿಂದ ಊರಿನ ಕಾಲೇಜನ್ನು ಮೊದಲು, ಯುವಿಸಿಇಯನ್ನು ಐದನೆಯದಾಗಿ ಬರೆಸಿದರು ಎಂದುಕೊಳ್ಳಿ. ಊರಿನ ಸೀಟು ಸಿಕ್ಕಿತು. ಅವಳ ರ‍್ಯಾಂಕಿಗೆ ಯುವಿಸಿಇ ಸಿಗುವಂತಿದ್ದರೂ ಕಂಪ್ಯೂಟರ್ ಐದನೇ ಸಾಲಿನವರೆಗೆ ಬರಲೇ ಇಲ್ಲ. ಮುಂದಿನ ಸುತ್ತಿನಲ್ಲಿ ನೋಡೋಣ ಎಂದರೆ, ಸಿಕ್ಕ ಸೀಟಿಗಿಂತ ಮೇಲೆ ಬರೆದವುಗಳಿಗೆ ಮಾತ್ರ ಅವಕಾಶ. ಒಂದನೇ ಸಾಲಿಗಿಂತ ಮೇಲೆ ಏನಿದೆ?

ಆದ್ದರಿಂದ ನಿಜವಾಗಿ ಬೇಕಾದದ್ದನ್ನೇ ಮೊದಲು ಬರೆಯಿರಿ. ಸಿಕ್ಕರೂ ಸೇರಲಾರೆವು ಎನ್ನುವುದನ್ನು ಎಲ್ಲಿಯೂ ಬರೆಯಬೇಡಿ. ನಡುವೆ ಎಷ್ಟು ಉದ್ದ ಬರೆದರೂ ನಷ್ಟವಿಲ್ಲ. ಮೊದಲ ಸುತ್ತಿಗೆ ಮುನ್ನ ಅಣಕು ಹಂಚಿಕೆಯ ಫಲಿತಾಂಶ ಬರುತ್ತದೆ. ಅದನ್ನು ನೋಡಿದ ಮೇಲೆ ಪಟ್ಟಿಯ ಕ್ರಮ ಬದಲಿಸಲು ಸಮಯ ಕೊಡುತ್ತಾರೆ.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ದಾರಿಗಳಿವೆ. ಒಪ್ಪಿ ಶುಲ್ಕ ಕಟ್ಟಿ ಕಾಲೇಜಿಗೆ ಸೇರುವುದು ಒಂದನೆಯದು. ಎಲ್ಲವನ್ನೂ ಬಿಟ್ಟು ಹೊರಬರುವುದು ನಾಲ್ಕನೆಯದು. ಗೊಂದಲವಿರುವುದು ನಡುವಿನ ಎರಡರಲ್ಲಿ. ಎರಡನೆಯದೆಂದರೆ ಸಿಕ್ಕಿದ್ದನ್ನು ಉಳಿಸಿಕೊಂಡು ಮೇಲಿನದಕ್ಕೆ ಕಾಯುವುದು. ಮೇಲಿನದು ಸಿಕ್ಕರೆ ಹಳೆಯದು ತಾನಾಗಿಯೇ ರದ್ದಾಗುತ್ತದೆ, ಮತ್ತೆ ಬೇಕೆಂದರೆ ಇಲ್ಲ. ಮೂರನೆಯದೆಂದರೆ ಸಿಕ್ಕಿದ್ದನ್ನು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುವುದು. ಅಲ್ಲಿ ಏನೂ ಸಿಗದಿದ್ದರೆ ಕೈ ಖಾಲಿ. ಗೆಳೆಯ ಮೂರನ್ನು ಒತ್ತಿದ ಎಂದು ನೀವೂ ಒತ್ತಬೇಡಿ. ಶುಲ್ಕ ಯಾವಾಗ, ಎಷ್ಟು ಕಟ್ಟಬೇಕೆಂಬ ನಿಯಮ ಬದಲಾಗುತ್ತಿರುತ್ತದೆ. ಈ ವರ್ಷದ ಪ್ರಕಟಣೆಯನ್ನೇ ಓದಿ.

ಮುಂದಿನ ವರ್ಷ ಸಿಇಟಿ ಬರೆಯುವ ಮಕ್ಕಳಿರುವವರಿಗೆ ಒಂದು ಮಾತು. 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರ್ಕಾರ ಮುಸ್ಲಿಮರಿಗಿದ್ದ 2ಬಿ ಪ್ರವರ್ಗದ ಶೇಕಡ 4 ಮೀಸಲಾತಿಯನ್ನು ತೆಗೆಯಲು ಆದೇಶ ಹೊರಡಿಸಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಆದೇಶ ಜಾರಿಯಾಗಲಿಲ್ಲ. ಆ ಸುದ್ದಿಯನ್ನು ಅರ್ಧ ಕೇಳಿದವರು "2ಬಿ ಹೋಯಿತಲ್ಲ" ಎಂದು ಸುಮ್ಮನಿದ್ದಾರೆ. ಹೋಗಿಲ್ಲ. 2ಬಿ ಎಂದು ಹಾಕಿದರೆ ಸಾಮಾನ್ಯ ವರ್ಗದ ಸೀಟು ತಪ್ಪುತ್ತದೆ ಎಂಬುದೂ ಸುಳ್ಳು. ಅರ್ಹ ರ‍್ಯಾಂಕಿದ್ದರೆ ಸಾಮಾನ್ಯ ಸೀಟೇ ಸಿಗುತ್ತದೆ, ಅಲ್ಲಿ ಇಲ್ಲದಾಗ ಮೀಸಲು ಸೀಟು ನೋಡುತ್ತಾರೆ. ನದಾಫ್, ಪಿಂಜಾರ ಕುಟುಂಬಗಳು ಪ್ರವರ್ಗ 1ರಲ್ಲಿ ಬರುತ್ತವೆ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಅದರ ಆರ್‌ಡಿ ಸಂಖ್ಯೆಯನ್ನು ಸಿಇಟಿ ಅರ್ಜಿಯಲ್ಲೇ ತುಂಬಬೇಕು.

ಹಾಗೆಯೇ ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಸೀಟುಗಳಿವೆ. ಸರಕಾರಿ ಕನ್ನಡ ಶಾಲೆಯಲ್ಲಿ ಓದಿಸಿದ್ದನ್ನು ಹೇಳಿಕೊಳ್ಳಲು ನಾಚುವ ತಂದೆಯರಿದ್ದಾರೆ. ಇಲ್ಲಿ ಅದೇ ನಿಮ್ಮ ಮಗುವಿನ ಬಲ.

ಇನ್ನು ಹೆಣ್ಣುಮಕ್ಕಳ ವಿಷಯ. ಹಾಸ್ಟೆಲಿಗೆ ಕಳಿಸುವುದಿಲ್ಲ ಎಂಬುದು ನಿಮ್ಮ ತೀರ್ಮಾನವಾದರೆ ಪಟ್ಟಿ ಬರೆಯುವ ಮೊದಲೇ ಮಗಳಿಗೆ ಹೇಳಿ, ಕಾರಣವನ್ನೂ ಹೇಳಿ, ಅವಳ ಉತ್ತರವನ್ನೂ ಕೇಳಿ. ದೂರದ ಕಾಲೇಜನ್ನು ಬರೆಯಲು ಬಿಟ್ಟು, ಸೀಟು ಬಂದ ದಿನ "ಬೇಡ" ಎನ್ನುವುದು ಅನ್ಯಾಯ. ಆ ಸೀಟಿಗೆ ಅವಳು ಎರಡು ವರ್ಷ ನಿದ್ದೆಗೆಟ್ಟಿದ್ದಾಳೆ. ನಿಜವಾಗಿ ಸುರಕ್ಷತೆಯದೇ ಚಿಂತೆಯಾದರೆ ಹೋಗಿ ನೋಡಿ ಬನ್ನಿ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಬಾಲಕಿಯರ ಹಾಸ್ಟೆಲುಗಳಿವೆ. ತಾಯಿಯೂ ಜೊತೆಗೆ ಬರಲಿ. ತಾಯಂದಿರ ಕಣ್ಣಿಗೆ ಬೀಳುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಹಣದ ಚಿಂತೆಯಿರುವವರು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಯಲ್ಲಿ ಅರಿವು ಯೋಜನೆಯ ಬಗ್ಗೆ ವಿಚಾರಿಸಿ, ಷರತ್ತುಗಳನ್ನು ಓದಿದ ಬಳಿಕ ಸಹಿ ಹಾಕಿ. ಸಿಇಟಿ ಸೀಟನ್ನು ಕೊಡಿಸುತ್ತೇನೆ ಎನ್ನುವ ದಲ್ಲಾಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆ ಸೀಟು ರ‍್ಯಾಂಕಿಗೆ ಸಿಗುವುದೇ ಹೊರತು ಅವನಿಂದಲ್ಲ. ಪಾಸ್‌ವರ್ಡ್ ಮತ್ತು ಒಟಿಪಿ ಮಗುವಿನ ಅಮಾನತ್. ಸೈಬರ್ ಸೆಂಟರಿನವನು ಎಷ್ಟೇ ಒಳ್ಳೆಯವನಾದರೂ ಅವನ ಪುಸ್ತಕದಲ್ಲಿ ಬರೆದಿಡಬೇಡಿ.

ಇಸ್ತಿಖಾರಾ ನಮಾಝ್ ಮಾಡಿ. ಆದರೆ ಕಾಲೇಜಿನ ಶುಲ್ಕ, ದೂರ, ಕಳೆದ ವರ್ಷ ಯಾವ ರ‍್ಯಾಂಕಿನವರೆಗೆ ಸೀಟು ಸಿಕ್ಕಿತ್ತು ಎಂಬುದನ್ನು ವಿಚಾರಿಸದೆ ಅಲ್ಲಾಹನಲ್ಲಿ ಕೇಳುವುದಾದರೂ ಯಾವುದನ್ನು?

ಭಾನುವಾರ ಝುಹರ್ ಬಳಿಕ ಮದ್ರಸದ ಕೋಣೆಯಲ್ಲಿ ಓದಿದ ಯುವಕ ಯುವತಿಯರು ಕುಳಿತಿರುತ್ತಾರೆ. ಪಟ್ಟಿಯನ್ನು ಮನೆಯಲ್ಲಿ ಕಾಗದದ ಮೇಲೆ ಬರೆದು, ಮಕ್ಕಳ ಜೊತೆ ಬನ್ನಿ. ಮಹಿಳೆಯರಿಗೆ ಪ್ರತ್ಯೇಕ ವ್ಯವಸ್ಥೆಯಿದೆ.